ರೋಗಾಣುವಿನ ಭಿತ್ತಿಯನ್ನು ಕತ್ತರಿಸುವ ಕಿಣ್ವ

ಕಾಯಕಕ್ಕೂ ಲಿಂಗಪೂಜೆಗೂ ಆರೋಗ್ಯವಂತ ಕಾಯವೇ ಆಧಾರ. ಪ್ರತಿಜೈವಿಕ ಔಷಧಿಗಳು ಬಂದ ಮೇಲೆ ಕೀವುಗಟ್ಟಿದ ಗಾಯ, ಬಾಣಂತಿ ಜ್ವರ, ನ್ಯುಮೋನಿಯಾಗಳ ಭೀತಿ ನಮ್ಮ ಮನೆಗಳಿಂದ ಬಹುಮಟ್ಟಿಗೆ ದೂರವಾಯಿತು. ಆದರೆ ಅವುಗಳ ಮಿತಿಮೀರಿದ ಬಳಕೆಯಿಂದ ಅನೇಕ ಬ್ಯಾಕ್ಟೀರಿಯಾಗಳು ಮದ್ದಿಗೆ ಮಣಿಯದಂತಾಗಿವೆ. 2019ರಲ್ಲಿ ಇಂತಹ ಸೋಂಕುಗಳೇ ನೇರ ಕಾರಣವಾಗಿ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಮೃತಪಟ್ಟರೆಂದು ಅಂದಾಜಿಸಲಾಗಿದೆ. ಆದುದರಿಂದಲೇ ವಿಜ್ಞಾನಿಗಳ ದೃಷ್ಟಿ ಬ್ಯಾಕ್ಟೀರಿಯಾಗಳ ಸಹಜ ಶತ್ರುವಾದ ಫೇಜ್ ಎಂಬ ವೈರಸ್ಸಿನತ್ತ ಹರಿದಿದೆ. ಫ್ರೆಡರಿಕ್ ಟ್ವೋರ್ಟ್ 1915ರಲ್ಲಿಯೂ ಫೆಲಿಕ್ಸ್ ಡೆರೆಲ್ 1917ರಲ್ಲಿಯೂ ಇದನ್ನು ಕುರಿತು ಬರೆದರು.

ಫೇಜ್ ಬ್ಯಾಕ್ಟೀರಿಯಾದ ಒಳಗೆ ತನ್ನ ಅನುವಂಶಿಕ ದ್ರವ್ಯವನ್ನು ಸೇರಿಸಿ, ಅಲ್ಲಿಯೇ ತನ್ನ ಸಂತತಿಯನ್ನು ಬೆಳೆಸುತ್ತದೆ. ಆ ಸಂತತಿ ಹೊರಬರಬೇಕಾದರೆ ಮೊದಲು ಕೊಬ್ಬಿನಂಶದ ತೆಳುಪೊರೆಯನ್ನೂ, ಅದರಾಚೆ ಬಲೆಯಂತೆ ಹೆಣೆದುಕೊಂಡ ಕೋಶಭಿತ್ತಿಯನ್ನೂ ದಾಟಬೇಕು. ಸಮಯ ಒದಗಿದಾಗ ಹೋಲಿನ್ ಎಂಬ ಪ್ರೋಟೀನು ಪೊರೆಯಲ್ಲಿ ರಂಧ್ರಗಳನ್ನು ಕೊರೆಯುತ್ತದೆ. ಎಂಡೋಲೈಸಿನ್ ಎಂಬ ಕಿಣ್ವ ಆ ರಂಧ್ರಗಳ ಮೂಲಕ ಸಾಗಿ ಭಿತ್ತಿಯ ಹೆಣಿಗೆಯನ್ನು ಕತ್ತರಿಸುತ್ತದೆ. ಒಳಗಿನ ಒತ್ತಡವನ್ನು ತಾಳಲಾರದೆ ಬ್ಯಾಕ್ಟೀರಿಯಾ ಒಡೆದುಹೋಗುತ್ತದೆ.

ಇದೇ ಕಿಣ್ವವನ್ನು ಹೊರಗಿನಿಂದ ಪ್ರಯೋಗಿಸಿದರೆ? ನ್ಯೂಯಾರ್ಕಿನ ರಾಕ್‌ಫೆಲ್ಲರ್ ವಿಶ್ವವಿದ್ಯಾಲಯದ ವಿನ್ಸೆಂಟ್ ಫಿಶೆಟ್ಟಿ ಮತ್ತು ಸಂಗಡಿಗರು 2001ರಲ್ಲಿ ಉತ್ತರ ನೀಡಿದರು. ಗಂಟಲು ಬೇನೆಯನ್ನು ತರುವ ಸ್ಟ್ರೆಪ್ಟೊಕಾಕಸ್‌ಗಳ ಸುಮಾರು ಒಂದು ಕೋಟಿ ಕೋಶಗಳನ್ನು, ಒಂದು ಗ್ರಾಮಿನ ಹತ್ತು ಕೋಟಿಯಲ್ಲೊಂದು ಭಾಗದಷ್ಟು ಕಿಣ್ವ ಐದೇ ಸೆಕೆಂಡುಗಳಲ್ಲಿ ನಾಶಮಾಡಿತು. ಒಂದೊಂದು ಕಿಣ್ವವೂ ಕೆಲವೇ ಜಾತಿಯ ಬ್ಯಾಕ್ಟೀರಿಯಾಗಳನ್ನು ಕೊಲ್ಲುವುದರಿಂದ, ದೇಹಕ್ಕೆ ಉಪಕಾರಿಯಾದ ಇತರ ಬ್ಯಾಕ್ಟೀರಿಯಾಗಳು ಉಳಿದುಕೊಳ್ಳುತ್ತವೆ.

ಆದರೆ ಇ. ಕೋಲಿ, ಸ್ಯೂಡೊಮೊನಾಸ್ ಮುಂತಾದವುಗಳಿಗೆ ಭಿತ್ತಿಯ ಮೇಲೆ ಮತ್ತೊಂದು ಹೊರಪೊರೆಯುಂಟು. ಸಾಮಾನ್ಯ ಕಿಣ್ವಗಳಿಗೆ ಅದನ್ನು ದಾಟುವುದು ಕಷ್ಟ. ಈ ಪೊರೆಯ ಹೊರಮೈ ಋಣ ವಿದ್ಯುದಂಶವುಳ್ಳದ್ದು. ಧನ ವಿದ್ಯುದಂಶವುಳ್ಳ ಪ್ರೋಟೀನಿನ ತುಣುಕನ್ನು ಕಿಣ್ವಕ್ಕೆ ಜೋಡಿಸಿದರೆ, ಆ ತುಣುಕು ಪೊರೆಗೆ ಅಂಟಿ ಅದರ ಕಟ್ಟನ್ನು ಸಡಿಲಿಸುತ್ತದೆ, ಕಿಣ್ವ ಒಳನುಗ್ಗುತ್ತದೆ. ಬೆಲ್ಜಿಯಮ್ಮಿನ ಲುವೆನ್ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ಇಂತಹ ಕಿಣ್ವಗಳನ್ನು ಪ್ರಕಟಪಡಿಸಿದರು.

ನಮ್ಮ ಬೆಂಗಳೂರಿನ ಕೊಡುಗೆಯೂ ಇದರಲ್ಲಿದೆ. ಕೀವು, ಹುಣ್ಣುಗಳಿಗೆ ಕಾರಣವಾಗುವ ಸ್ಟಾಫಿಲೊಕಾಕಸ್ ವಿರುದ್ಧ, ಫೇಜಿನ ಬಾಲದಲ್ಲಿರುವ ಕಿಣ್ವವನ್ನು ಆಧರಿಸಿ ಗಂಗಾಜೆನ್ ಸಂಸ್ಥೆಯ ವಿಜ್ಞಾನಿಗಳು ಪಿ128 ಎಂಬ ಪ್ರೋಟೀನನ್ನು ರೂಪಿಸಿ, 2011ರಲ್ಲಿ ಅದರ ವಿವರಗಳನ್ನು ಪ್ರಕಟಿಸಿದರು.

ಹಾಗೆಂದು ಮದ್ದು ಕೈಗೆ ಬಂದಿತೆಂದು ಹಿಗ್ಗಬೇಕಾಗಿಲ್ಲ. ರಕ್ತದ ಸೋಂಕಿಗೆ ಪ್ರತಿಜೈವಿಕದೊಡನೆ ಎಕ್ಸೆಬಕೇಸ್ ಎಂಬ ಕಿಣ್ವವನ್ನೂ ನೀಡಿದ ದೊಡ್ಡ ಪ್ರಯೋಗದಲ್ಲಿ ನಿರೀಕ್ಷಿಸಿದ ಹೆಚ್ಚಿನ ಪ್ರಯೋಜನ ಕಾಣದೆ, 2022ರಲ್ಲಿ ಅದನ್ನು ನಿಲ್ಲಿಸಲಾಯಿತು. ಪ್ರಯೋಗಶಾಲೆಯ ಗೆಲುವು ರೋಗಿಯ ಹಾಸಿಗೆಯನ್ನು ತಲುಪಲು ಕಾಲ ಬೇಕು.

ಅಲ್ಲಿಯವರೆಗೆ ಇರುವ ಮದ್ದುಗಳ ಶಕ್ತಿಯನ್ನು ಕಾಪಾಡುವ ಹೊಣೆ ಪ್ರತಿಯೊಂದು ಮನೆಯದು. ನೆಗಡಿಗೆಂದು ತಾವಾಗಿಯೇ ಪ್ರತಿಜೈವಿಕ ಕೊಂಡು ನುಂಗುವುದು, ಉಳಿದ ಗುಳಿಗೆಗಳನ್ನು ನೆರೆಯವರಿಗೆ ಕೊಡುವುದು ಸಲ್ಲದು. ವೈದ್ಯರು ಹೇಳಿದಷ್ಟು ದಿನ, ಹೇಳಿದ ಪ್ರಮಾಣದಲ್ಲಿ ಸೇವಿಸಬೇಕು. ಇಂದು ನಾವು ತೋರುವ ಈ ಸಂಯಮ ನಾಳೆ ನಮ್ಮ ಮಕ್ಕಳ ಪ್ರಾಣವನ್ನು ಉಳಿಸೀತು.