ಬಿದನೂರು: ಮರೆವಿನ ಅಂಚಿನಲ್ಲಿರುವ ರಾಜಧಾನಿ

ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನಲ್ಲಿರುವ ನಗರ ಇಂದು ಒಂದು ಪುಟ್ಟ ಊರು. ಒಂದು ಕಾಲಕ್ಕೆ ಇದು ಮಲೆನಾಡು ಮತ್ತು ಕರಾವಳಿಗಳನ್ನು ಆಳಿದ ಕೆಳದಿ ಅರಸರ ರಾಜಧಾನಿಯಾಗಿತ್ತು. ಬಿದಿರು ಮೆಳೆಗಳಿಂದ ಬಂದ ಬಿದನೂರು ಎಂಬುದು ಇದರ ಮೊದಲ ಹೆಸರು, ಸಂಸ್ಕೃತದಲ್ಲಿ ವೇಣುಪುರ.

1499ರಲ್ಲಿ ಚೌಡಪ್ಪನಾಯಕನಿಂದ ಆರಂಭವಾದ ಈ ವೀರಶೈವ ರಾಜಮನೆತನವು ಮೊದಲು ಕೆಳದಿಯಲ್ಲಿ, ಅನಂತರ ಇಕ್ಕೇರಿಯಲ್ಲಿ ನೆಲೆಸಿತು. ಬಿಜಾಪುರದ ಸೇನೆಯು ಇಕ್ಕೇರಿಯನ್ನು ಸೂರೆಗೈದ ಮೇಲೆ, 1639ರ ಸುಮಾರಿಗೆ ವೀರಭದ್ರನಾಯಕನು ಗುಡ್ಡಕಾಡುಗಳ ರಕ್ಷಣೆಯಿದ್ದ ಬಿದನೂರನ್ನು ರಾಜಧಾನಿಯಾಗಿ ಆರಿಸಿಕೊಂಡನು.

ಈ ನಗರಕ್ಕೆ ಹಿರಿಮೆ ತಂದವನು ಶಿವಪ್ಪನಾಯಕ (1645–1660). ಅವನ ಹೆಸರು ಉಳಿದಿರುವುದು ಯುದ್ಧಗಳಿಗಿಂತಲೂ ‘ಶಿಸ್ತು’ ಎಂಬ ಕಂದಾಯ ವ್ಯವಸ್ಥೆಯಿಂದ. ಮಣ್ಣಿನ ಗುಣ ಹಾಗೂ ಇಳುವರಿಯನ್ನು ನೋಡಿ ಭೂಮಿಯನ್ನು 5 ದರ್ಜೆಗಳಾಗಿ ವಿಂಗಡಿಸಿ ತೆರಿಗೆ ಗೊತ್ತುಪಡಿಸಲಾಯಿತು; ಅಡಕೆ ತೋಟಗಳಿಗೆ ಮರಗಳ ಎಣಿಕೆಯೇ ಆಧಾರವಾಯಿತು. ಬಡ ನೆಲದ ಒಕ್ಕಲಿಗನು ಫಲವತ್ತಾದ ನೆಲದವನಷ್ಟೇ ತೆರಬೇಕಾಗಿಲ್ಲ ಎಂಬ ನ್ಯಾಯವು ಇದರ ತಿರುಳು. ಕಾಯಕವೇ ನಾಡಿನ ಬೇರು ಎಂದು ನಂಬುವ ನಮಗೆ ಈ ನೀತಿ ಆಪ್ತವೆನಿಸುವುದು ಸಹಜ.

ಸೋಮಶೇಖರನಾಯಕನ ಬಳಿಕ ರಾಣಿ ಚೆನ್ನಮ್ಮಾಜಿ ಸುಮಾರು 25 ವರ್ಷ ರಾಜ್ಯವಾಳಿದಳು. 1689ರಲ್ಲಿ ಮೊಗಲರ ಕೈಯಿಂದ ತಪ್ಪಿಸಿಕೊಂಡು ಬಂದ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯವಿತ್ತು, ಜಿಂಜಿಯ ಕಡೆಗೆ ಕಳುಹಿಸಿಕೊಟ್ಟಳು. ಔರಂಗಜೇಬನು ಅಟ್ಟಿದ ಸೇನೆಗೂ ಅಂಜಲಿಲ್ಲ. ಶರಣು ಬಂದವರನ್ನು ಕೈಬಿಡಬಾರದೆಂಬ ಧರ್ಮಕ್ಕಾಗಿ ಆಕೆ ಪಣಕ್ಕಿಟ್ಟದ್ದು ಇಡೀ ರಾಜ್ಯವನ್ನು. ಆಕೆಯ ದತ್ತುಪುತ್ರ ಬಸಪ್ಪನಾಯಕನು ‘ಶಿವತತ್ತ್ವರತ್ನಾಕರ’ವೆಂಬ ಸಂಸ್ಕೃತ ವಿಶ್ವಕೋಶವನ್ನು ರಚಿಸಿ, ಅರಸನು ವಿದ್ವಾಂಸನೂ ಆಗಬಲ್ಲನೆಂದು ತೋರಿದನು.

1763ರಲ್ಲಿ ರಾಣಿ ವೀರಮ್ಮಾಜಿಯ ಕಾಲದಲ್ಲಿ ಹೈದರಾಲಿಯು ಬಿದನೂರನ್ನು ಗೆದ್ದುಕೊಂಡನು. ಊರು ಹೈದರನಗರವಾಯಿತು, ಕಾಲಾಂತರದಲ್ಲಿ ಬರೀ ನಗರವೆಂದಷ್ಟೇ ಉಳಿಯಿತು.

ಇಂದು ನಗರಕ್ಕೆ ಹೋದವರು ಕೋಟೆಯ ಹೆಬ್ಬಾಗಿಲು, ಬುರುಜುಗಳು, ದರ್ಬಾರು ಸಭಾಂಗಣದ ಅವಶೇಷ ಹಾಗೂ ಅಕ್ಕ–ತಂಗಿ ಕೊಳವನ್ನು ಕಾಣಬಹುದು. ಸಮೀಪದ ದೇವಗಂಗೆಯಲ್ಲಿ ಬೆಟ್ಟದ ನೀರು ನಾನಾ ಆಕಾರದ ಕಲ್ಲಿನ ಕೊಳಗಳನ್ನು ಈಗಲೂ ತುಂಬುತ್ತದೆ. ಕವಲೇದುರ್ಗದ ಏರುಹಾದಿಯ ಕೋಟೆ, ಇಕ್ಕೇರಿಯ ಅಘೋರೇಶ್ವರ ದೇಗುಲ ಮತ್ತು ಅದರೆದುರಿನ ಬೃಹತ್ ನಂದಿ, ಕೆಳದಿಯ ರಾಮೇಶ್ವರ ಗುಡಿಯ ಗಂಡಭೇರುಂಡ ಶಿಲ್ಪ ಇವೆಲ್ಲವೂ ಅದೇ ಚರಿತ್ರೆಯ ಪುಟಗಳು.

ಮಲೆನಾಡಿನ ಮಳೆಗೆ ಬಿರುಕುಬಿಟ್ಟ ಗೋಡೆಯಲ್ಲಿ ಬೇರು ಇಳಿಯಲು ಬಹಳ ಕಾಲ ಬೇಕಿಲ್ಲ. ಕಲ್ಲನ್ನು ಕಾಯುವ ಹೊಣೆ ಇಲಾಖೆಗಳದ್ದಾದರೂ, ನೆನಪನ್ನು ಕಾಯುವ ಹೊಣೆ ನಮ್ಮೆಲ್ಲರದು. ಗೋಡೆಗಳ ಮೇಲೆ ಹೆಸರು ಕೆತ್ತುವ, ಕೊಳಗಳಿಗೆ ಕಸ ಎಸೆಯುವ ಕೈಗಳನ್ನು ತಡೆಯುವುದು ಅದರ ಮೊದಲ ಹೆಜ್ಜೆ. ಮಕ್ಕಳನ್ನು ಒಮ್ಮೆ ಅಲ್ಲಿಗೆ ಕರೆದೊಯ್ದು, ನ್ಯಾಯವಾಗಿ ತೆರಿಗೆ ಪಡೆದ ಅರಸನ, ಶರಣಾಗತನನ್ನು ಕಾಯ್ದ ರಾಣಿಯ ಕಥೆಯನ್ನು ಆ ನೆಲದಲ್ಲೇ ನಿಂತು ಹೇಳೋಣ.