ವೌಟ್ಲಾ ಗುಹಾ ವ್ಯವಸ್ಥೆ

ವೌಟ್ಲಾ ಗುಹಾ ವ್ಯವಸ್ಥೆಯು ಮೆಕ್ಸಿಕೋ ದೇಶದ ದಕ್ಷಿಣ ಭಾಗದ ವಹಾಕಾ ರಾಜ್ಯದಲ್ಲಿದೆ. ಸ್ಪ್ಯಾನಿಷ್ ಭಾಷೆಯಲ್ಲಿ ಇದನ್ನು 'ಸಿಸ್ಟೆಮಾ ವೌಟ್ಲಾ' ಎಂದು ಕರೆಯುತ್ತಾರೆ. ಸುಮಾರು 1,560 ಮೀಟರ್ ಆಳವಿರುವ ಇದು ಪಶ್ಚಿಮ ಗೋಳಾರ್ಧದಲ್ಲಿ ಈವರೆಗೆ ತಿಳಿದಿರುವ ಅತ್ಯಂತ ಆಳವಾದ ಗುಹೆಯಾಗಿದೆ. ಇದಕ್ಕೆ 20ಕ್ಕೂ ಹೆಚ್ಚು ಪ್ರವೇಶದ್ವಾರಗಳಿದ್ದು, ಅಳತೆ ಮಾಡಲಾದ ಮಾರ್ಗಗಳ ಒಟ್ಟು ಉದ್ದ 85 ಕಿ.ಮೀ.ಗಿಂತ ಹೆಚ್ಚು. ಇದರ ಅನ್ವೇಷಣೆಯ ಬಹುಭಾಗವನ್ನು ಸ್ವಯಂಪ್ರೇರಿತ ಹವ್ಯಾಸಿಗಳ ತಂಡಗಳು ನಡೆಸಿವೆ.

ರಚನೆ

ಗುಹೆಯು ಮಸಾಟೆಕ್ ಪರ್ವತ ಪ್ರದೇಶದ ಸುಣ್ಣಕಲ್ಲಿನ ಪದರಗಳಲ್ಲಿ ರೂಪುಗೊಂಡಿದೆ. ಮಳೆಯ ನೀರು ಗಾಳಿ ಮತ್ತು ಮಣ್ಣಿನಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ದುರ್ಬಲ ಆಮ್ಲವಾಗುತ್ತದೆ. ಈ ನೀರು ಬಿರುಕುಗಳ ಮೂಲಕ ಇಳಿಯುತ್ತಾ ಸುಣ್ಣಕಲ್ಲನ್ನು ಕರಗಿಸಿ, ಕಾಲಾಂತರದಲ್ಲಿ ಬಾವಿಯಂತಹ ಕಂದಕಗಳನ್ನೂ ಸುರಂಗಗಳನ್ನೂ ನಿರ್ಮಿಸುತ್ತದೆ. ಭೂಗತ ಹೊಳೆಗಳಿಗೆ ಬಣ್ಣ ಬೆರೆಸಿ ನಡೆಸಿದ ಪರೀಕ್ಷೆಗಳಿಂದ, ಈ ನೀರು ಸ್ಯಾಂಟೊ ಡೊಮಿಂಗೊ ನದಿಯ ಕಣಿವೆಯಲ್ಲಿ ಬುಗ್ಗೆಯಾಗಿ ಹೊರಬರುತ್ತದೆ ಎಂದು ತಿಳಿದುಬಂದಿದೆ.

ಗುಹೆಯ ಆಳವೆಂದರೆ ಅತಿ ಎತ್ತರದ ಪ್ರವೇಶದ್ವಾರ ಮತ್ತು ತಲುಪಲಾದ ಅತಿ ತಗ್ಗಿನ ಸ್ಥಳದ ನಡುವಿನ ಲಂಬ ಅಂತರ. ಆದ್ದರಿಂದ ಬೆಟ್ಟದ ಮೇಲ್ಭಾಗದಲ್ಲಿರುವ ಮತ್ತೊಂದು ಗುಹೆಯು ಒಳಗಿನಿಂದ ಕೂಡಿಕೊಂಡರೆ, ತಳಭಾಗದಲ್ಲಿ ಮುಂದುವರಿಯದಿದ್ದರೂ ಗುಹೆಯ ಆಳ ಹೆಚ್ಚುತ್ತದೆ.

ಅನ್ವೇಷಣೆಯ ಇತಿಹಾಸ

1965ರಲ್ಲಿ ಅಮೆರಿಕದ ಟೆಕ್ಸಾಸ್ ರಾಜ್ಯದ ಆಸ್ಟಿನ್ ನಗರದ ಗುಹಾನ್ವೇಷಕರು ಈ ಪ್ರದೇಶಕ್ಕೆ ಬಂದರು. 1968ರ ವೇಳೆಗೆ ಸ್ಯಾನ್ ಅಗಸ್ಟಿನ್ ಎಂಬ ಗುಹೆಯಲ್ಲಿ 612 ಮೀಟರ್ ಆಳವನ್ನು ತಲುಪಲಾಯಿತು. 1980ರಲ್ಲಿ ಲಿ ನೀಟಾ ಗುಹೆಯು ಇದರೊಂದಿಗೆ ಕೂಡಿ ಆಳವು 1,220 ಮೀಟರ್ ಆಯಿತು. 1987ರಲ್ಲಿ ನೀಟಾ ನಾಂಟಾ ಗುಹೆಯೂ ಸೇರಿದ್ದರಿಂದ ಅದು 1,353 ಮೀಟರ್‌ಗೆ ಏರಿತು.

ಮುಂದಿನ ದಾರಿಯನ್ನು ನೀರು ತಡೆದಿತ್ತು. ಸುರಂಗದ ಚಾವಣಿಯವರೆಗೆ ನೀರು ತುಂಬಿದ ಭಾಗವನ್ನು ಅನ್ವೇಷಕರು 'ಸಂಪ್' ಎನ್ನುತ್ತಾರೆ. ಮನೆಯ ನೀರಿನ ತೊಟ್ಟಿಗೆ ಬಳಸುವ ಪದವೂ ಇದೇ ಆಗಿದ್ದರೂ ಇಲ್ಲಿನ ಅರ್ಥ ಬೇರೆ. ಸಂಪ್ ದಾಟಲು ಮುಳುಗಿ ಈಜುವುದೊಂದೇ ದಾರಿ. ತೊಂದರೆ ಉಂಟಾದರೆ ನೇರವಾಗಿ ಮೇಲೆ ಬರಲು ಅವಕಾಶವಿರುವುದಿಲ್ಲ.

1994ರಲ್ಲಿ ಬಿಲ್ ಸ್ಟೋನ್ ನೇತೃತ್ವದ ತಂಡವು ಸ್ಯಾನ್ ಅಗಸ್ಟಿನ್ ಸಂಪ್ ದಾಟಲು 'ರೀಬ್ರೀದರ್' ಉಪಕರಣವನ್ನು ಬಳಸಿತು. ಇದು ಹೊರಬಿಟ್ಟ ಉಸಿರಿನಿಂದ ಇಂಗಾಲದ ಡೈಆಕ್ಸೈಡನ್ನು ತೆಗೆದು, ಆಮ್ಲಜನಕವನ್ನು ಸೇರಿಸಿ, ಅದೇ ಗಾಳಿಯನ್ನು ಮತ್ತೆ ಉಸಿರಾಟಕ್ಕೆ ಒದಗಿಸುತ್ತದೆ. ಈ ಕಾರ್ಯದ ಸಂದರ್ಭದಲ್ಲಿ ಬ್ರಿಟನ್ನಿನ ಇಯಾನ್ ರೋಲಂಡ್ ಮೃತಪಟ್ಟರು. ಸಂಗಾತಿಯನ್ನು ಕಳೆದುಕೊಂಡ ತಂಡದ ಮುಂದೆ ಅನ್ವೇಷಣೆಯನ್ನು ನಿಲ್ಲಿಸಬೇಕೇ, ಮುಂದುವರಿಸಬೇಕೇ ಎಂಬ ಪ್ರಶ್ನೆ ಎದುರಾಯಿತು. ಕೊನೆಗೆ ಸ್ಟೋನ್ ಮತ್ತು ಬಾರ್ಬರಾ ಆಮ್ ಎಂಡೆ ಇಬ್ಬರೇ ಸಂಪ್ ದಾಟಿ, ಅದರಾಚೆ ಹಲವು ದಿನ ಕಳೆದು ಹೊಸ ಮಾರ್ಗಗಳನ್ನು ಗುರುತಿಸಿದರು. ಆಳವು 1,475 ಮೀಟರ್ ತಲುಪಿತು.

2013ರಲ್ಲಿ ಬ್ರಿಟಿಷ್ ನೇತೃತ್ವದ ತಂಡವು ಆಳವನ್ನು 1,545 ಮೀಟರ್‌ಗೆ ವಿಸ್ತರಿಸಿತು. ಇದರಲ್ಲಿದ್ದ ಮುಳುಗುಗಾರರಾದ ಕ್ರಿಸ್ ಜ್ಯುವೆಲ್ ಮತ್ತು ಜೇಸನ್ ಮ್ಯಾಲಿನ್ಸನ್, 2018ರಲ್ಲಿ ಥಾಯ್ಲೆಂಡ್‌ನ ಗುಹೆಯಲ್ಲಿ ಸಿಲುಕಿದ್ದ 12 ಬಾಲಕರು ಮತ್ತು ಅವರ ತರಬೇತುದಾರನನ್ನು ಹೊರತಂದ ಕಾರ್ಯಾಚರಣೆಯಲ್ಲಿಯೂ ಪಾಲ್ಗೊಂಡರು.

ತಂಡದ ಜೀವನ

ಮಳೆಗಾಲದಲ್ಲಿ ಭೂಗತ ಹೊಳೆಗಳು ಉಕ್ಕುವುದರಿಂದ ಅನ್ವೇಷಣೆಯನ್ನು ಸಾಮಾನ್ಯವಾಗಿ ಒಣ ತಿಂಗಳುಗಳಲ್ಲಿ ಕೈಗೊಳ್ಳಲಾಗುತ್ತದೆ. ಆಳದ ಭಾಗಗಳಿಗೆ ಹೋಗುವವರು ಗುಹೆಯೊಳಗೇ ಶಿಬಿರ ಹೂಡಿ ದಿನಗಟ್ಟಲೆ ಕತ್ತಲೆಯಲ್ಲಿರಬೇಕಾಗುತ್ತದೆ. ಒಬ್ಬರು ಕಟ್ಟಿದ ಹಗ್ಗದ ಮೇಲೆ ಮತ್ತೊಬ್ಬರ ಜೀವ ನಿಂತಿರುತ್ತದೆ. ಇಂತಹ ಸಹವಾಸದ ನೆನಪುಗಳನ್ನು ಅನ್ವೇಷಕರು ಗ್ರಂಥರೂಪದಲ್ಲಿಯೂ ದಾಖಲಿಸಿದ್ದಾರೆ. ಸ್ಟೋನ್ ಮತ್ತು ಆಮ್ ಎಂಡೆ, ಮಾಂಟಿ ಪಾಲ್ಸೆನ್ ಅವರೊಂದಿಗೆ ರಚಿಸಿದ 'ಬಿಯಾಂಡ್ ದ ಡೀಪ್' 2002ರಲ್ಲಿ ಪ್ರಕಟವಾಯಿತು. ಬಿಲ್ ಸ್ಟೀಲ್ ಅವರು ಈ ಗುಹೆಯೊಂದಿಗಿನ ತಮ್ಮ ಮೂರು ದಶಕಗಳ ಒಡನಾಟದ ಕುರಿತು ಪುಸ್ತಕ ಬರೆದಿದ್ದಾರೆ. 2014ರಿಂದ ಆರಂಭವಾದ ವಾರ್ಷಿಕ ಯೋಜನೆಯೊಂದು ಅನ್ವೇಷಣೆಯ ಜೊತೆಗೆ ವೈಜ್ಞಾನಿಕ ಅಧ್ಯಯನಕ್ಕೂ ನೆರವಾಗುತ್ತಿದೆ.

ಜೀವಿಗಳು ಮತ್ತು ಸ್ಥಳೀಯ ಜನರು

'ಅಲಾಕ್ರಾನ್ ಟಾರ್ಟಾರಸ್' ಎಂಬ ಕಣ್ಣಿಲ್ಲದ ಚೇಳು ಇಲ್ಲಿ 700 ಮೀಟರ್‌ಗಿಂತ ಹೆಚ್ಚಿನ ಆಳದಲ್ಲಿ ದೊರೆತಿದೆ. ಇದನ್ನು 1982ರಲ್ಲಿ ವೈಜ್ಞಾನಿಕವಾಗಿ ವಿವರಿಸಲಾಯಿತು.

ಸುತ್ತಲಿನ ಗ್ರಾಮಗಳಲ್ಲಿ ಮಸಾಟೆಕ್ ಸಮುದಾಯದವರು ವಾಸಿಸುತ್ತಾರೆ. ಬೆಟ್ಟ ಮತ್ತು ಗುಹೆಗಳಲ್ಲಿ ಅವುಗಳ ಒಡೆಯರಾದ ದೈವಗಳು ನೆಲೆಸಿವೆ ಎಂಬುದು ಅವರ ಪರಂಪರಾಗತ ನಂಬಿಕೆ. ಆದ್ದರಿಂದ ಗುಹೆಯ ಆಳಕ್ಕೆ ಇಳಿಯುವವರಿಗೆ ಹಗ್ಗ ಮತ್ತು ದೀಪಗಳಷ್ಟೇ ಗ್ರಾಮದವರ ಒಪ್ಪಿಗೆಯೂ ಅಗತ್ಯವಾಗಿದೆ.