ನಂಬಿಕೆಯ ಕಾರೋ, ನಖರೆಯ ಕಾರೋ?

ಆಯುಧಪೂಜೆಯ ದಿನ ಇಂಗ್ಲೆಂಡಿನ ಕನ್ನಡ ಮನೆಗಳ ಮುಂದೆ ನಿಂತಿರುವ ಕಾರುಗಳನ್ನು ಒಮ್ಮೆ ಗಮನಿಸಿ. ಚಕ್ರದ ಕೆಳಗೆ ನಿಂಬೆಹಣ್ಣು, ಬಾನೆಟ್ಟಿನ ಮೇಲೆ ಅರಿಶಿನ ಕುಂಕುಮ, ವೈಪರಿಗೆ ಸಿಕ್ಕಿಸಿದ ಎರಡು ಹೂವು. ಮನೆಗಳು ಬೇರೆ ಬೇರೆಯಾದರೂ ಕಾರುಗಳು ಹೆಚ್ಚುಕಡಿಮೆ ಒಂದೇ ಜಾತಿಯವು! ಟೊಯೋಟ, ಹೋಂಡ, ನಿಸ್ಸಾನ್, ಮಜ್ದಾ. ನಾವು ಕಾರು ಕೊಳ್ಳುವುದು ಮಗಳಿಗೆ ಗಂಡು ನೋಡಿದ ಹಾಗೆ. ದುಶ್ಚಟ ಇರಬಾರದು, ಬೆಳಿಗ್ಗೆ ಕರೆದ ತಕ್ಷಣ ಏಳಬೇಕು, ಖರ್ಚು ಹಿತಮಿತವಾಗಿರಬೇಕು, ನಾಲ್ಕು ಜನ ‘ಒಳ್ಳೆಯ ಮನೆತನ’ ಎನ್ನಬೇಕು.

ಇದಕ್ಕೆ ಕಾರಣವಿದೆ. ನಮ್ಮ ವಯಸ್ಸಿನವರು ಬಾಲ್ಯದಲ್ಲಿ ಕಂಡ ಕಾರು ಪ್ರಯಾಣವೆಂದರೆ ಘಾಟಿಯ ತಿರುವಿನಲ್ಲಿ ಬಾಡಿಗೆ ಕಾರು ನಿಲ್ಲುವುದು, ಡ್ರೈವರ್ ಬಾನೆಟ್ ಎತ್ತಿ ಹಬೆಯ ನಡುವೆ ರೇಡಿಯೇಟರಿಗೆ ನೀರು ಸುರಿಯುವುದು, ನಾವು ಮಕ್ಕಳು ರಸ್ತೆ ಬದಿಯಲ್ಲಿ ಕುಳಿತು ಚಿತ್ರಾನ್ನ ತಿನ್ನುವುದು. ಮುಂದೆ ಬಿಡದಿಯ ಟೊಯೋಟ ಕಾರ್ಖಾನೆಯಿಂದ ಕ್ವಾಲಿಸ್, ಇನ್ನೋವಾಗಳು ಬಂದಾಗ ಊರಿನಲ್ಲಿದ್ದವರಿಗೂ ಅರ್ಥವಾಯಿತು, ಕಾರು ಎಂಬುದು ಹೊರಟ ಮೇಲೆ ತಲುಪಲೂಬಲ್ಲದು ಎಂದು!

ನಾನು ವೃತ್ತಿಯಿಂದ ವೈದ್ಯ, ಮೆಕ್ಯಾನಿಕ್ ಅಲ್ಲ. ಈ ದೇಶಕ್ಕೆ ಬಂದಾಗಿನಿಂದ ಓಡಿಸಿದ್ದೆಲ್ಲ ಜಪಾನಿ ಕಾರುಗಳೇ. ರಾತ್ರಿ ಎರಡು ಗಂಟೆಗೆ ಆಸ್ಪತ್ರೆಯಿಂದ ಫೋನ್ ಬಂದಾಗ ಕಾರು ಹೊರಡುತ್ತದೋ ಇಲ್ಲವೋ ಎಂಬ ಅನುಮಾನ ಇಟ್ಟುಕೊಂಡು ನಮ್ಮ ಕೆಲಸ ಮಾಡಲಾಗದು. ಆದರೆ ಮಕ್ಕಳಿಬ್ಬರೂ ಓದಲು ಮನೆ ಬಿಟ್ಟ ಮೇಲೆ, ಹಿಂದಿನ ಸೀಟು ಖಾಲಿಯಾದ ಮೇಲೆ, ಐವತ್ತಾರರ ಹರೆಯದಲ್ಲಿ ನನಗೊಂದು ಆಸೆ ಹುಟ್ಟಿತು: ಎರಡೇ ಸೀಟಿನ ಸ್ಪೋರ್ಟ್ಸ್ ಕಾರು. ಅದು ಜಪಾನಿನ ನಂಬಿಕಸ್ಥ ವೇಗದ ಕಾರಾಗಬೇಕೋ, ಇಂಗ್ಲೆಂಡಿನ ಸಣ್ಣ ಕಾರ್ಖಾನೆಯೊಂದು ಕೈಯಾರೆ ಮಾಡಿದ ನಖರೆಯ ಕಾರಾಗಬೇಕೋ? ಒಂದು ವರ್ಷ ಈ ಪ್ರಶ್ನೆಯನ್ನು ರೋಗಿಯ ಫೈಲಿನಂತೆ ತಿರುವಿ ಹಾಕಿದ್ದೇನೆ. ಇದೇ ಆಸೆಯನ್ನು ಒಳಗೇ ಇಟ್ಟುಕೊಂಡಿರುವ ಓದುಗ ಮಿತ್ರರಿಗೆ ಉಪಯೋಗವಾದೀತೆಂದು ಈ ಲೇಖನ.

ಜಪಾನಿನ ಕಡೆಯವರು

‘ಜಪಾನಿ ಕಾರು ಫ್ರಿಜ್ಜಿನ ಹಾಗೆ, ಕೆಲಸ ಮಾಡುತ್ತದೆ, ಮನಸ್ಸು ಮುಟ್ಟುವುದಿಲ್ಲ’ ಎನ್ನುವವರು ಇತಿಹಾಸವನ್ನು ಸ್ವಲ್ಪ ನೋಡಬೇಕು. 1990ರಲ್ಲಿ ಮಾರುಕಟ್ಟೆಗೆ ಬಂದ ಹೋಂಡ ಎನ್‌ಎಸ್‌ಎಕ್ಸ್ ಇಡೀ ದೇಹವೇ ಅಲ್ಯೂಮಿನಿಯಮ್ಮಿನದು. ಅದನ್ನು ರೂಪಿಸುವಾಗ ಫಾರ್ಮುಲಾ ಒನ್ ಚಾಂಪಿಯನ್ ಐರ್ಟನ್ ಸೆನ್ನಾ ಓಡಿಸಿ ಸಲಹೆ ಕೊಟ್ಟಿದ್ದರು. ಮೆಕ್‌ಲಾರೆನ್ ಎಫ್-1 ಎಂಬ ಮಹಾ ಕಾರನ್ನು ವಿನ್ಯಾಸ ಮಾಡಿದ ಗಾರ್ಡನ್ ಮರ್ರಿ ತಮ್ಮ ಅಳತೆಗೋಲಾಗಿ ಇಟ್ಟುಕೊಂಡಿದ್ದೂ ಇದೇ ಎನ್‌ಎಸ್‌ಎಕ್ಸನ್ನು. ನಿಸ್ಸಾನ್ ಸ್ಕೈಲೈನ್ ಜಿಟಿ-ಆರ್ 1991 ಮತ್ತು 1992ರಲ್ಲಿ ಆಸ್ಟ್ರೇಲಿಯಾದ ಬ್ಯಾಥರ್ಸ್ಟ್ ರೇಸನ್ನು ಗೆದ್ದುಕೊಂಡಿತು. ಅಲ್ಲಿನವರು ಅದಕ್ಕಿಟ್ಟ ಅಡ್ಡಹೆಸರು ‘ಗಾಡ್ಜಿಲ್ಲಾ’! 1999ರಿಂದ 2009ರವರೆಗೆ ತಯಾರಾದ ಹೋಂಡ ಎಸ್-2000ದ ಎರಡು ಲೀಟರ್ ಎಂಜಿನ್ ಟರ್ಬೊ ಇಲ್ಲದೆಯೇ ಸುಮಾರು 240 ಅಶ್ವಶಕ್ತಿ ಕೊಡುತ್ತದೆ, ನಿಮಿಷಕ್ಕೆ 9,000 ಸುತ್ತಿನ ಹತ್ತಿರ ತಿರುಗುತ್ತದೆ. ಇಷ್ಟಾದರೂ ಸರಿಯಾಗಿ ಆಯಿಲ್ ಬದಲಿಸುತ್ತಿದ್ದರೆ ಲಕ್ಷ ಮೈಲಿ ದಾಟಿಸುತ್ತದೆ.

ಇವುಗಳಿಗೂ ಒಂದು ಕಾಯಿಲೆಯಿದೆ: ತುಕ್ಕು. ಇಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಹಾಕುತ್ತಾರೆ. ಉಪ್ಪಿನಕಾಯಿ ಕೆಡದಂತೆ ಕಾಪಾಡುವ ಉಪ್ಪು ಕಬ್ಬಿಣವನ್ನು ಮಾತ್ರ ತಿಂದು ಹಾಕುತ್ತದೆ. ಹಳೆಯ ಜಪಾನಿ ಕಾರಿನ ಎಂಜಿನ್ ಗಟ್ಟಿಮುಟ್ಟಾಗಿದ್ದು, ಬಾಗಿಲ ಕೆಳಗಿನ ತಗಡು ಒಳಗಿಂದೊಳಗೇ ಪುಡಿಯಾಗಿರುವುದು ಅಪರೂಪವಲ್ಲ.

ಇಂಗ್ಲೆಂಡಿನ ಕಡೆಯವರು

ಮಾಲ್ವರ್ನ್ ಲಿಂಕ್‌ನಲ್ಲಿರುವ ಮಾರ್ಗನ್ ಕಾರ್ಖಾನೆಯನ್ನು ಪ್ರವಾಸಿಗರಿಗೂ ತೋರಿಸುತ್ತಾರೆ, ಒಮ್ಮೆ ಮಕ್ಕಳನ್ನು ಕರೆದುಕೊಂಡು ಹೋಗಿ ಬನ್ನಿ. 1909ರಲ್ಲಿ ಮೂರು ಚಕ್ರದ ಗಾಡಿಯಿಂದ ಶುರುವಾದ ಮನೆತನ ಅದು. ಇಂದಿಗೂ ಕಾರಿನ ಮೈಕಟ್ಟಿಗೆ ಆಶ್ ಮರದ ಚೌಕಟ್ಟನ್ನೇ ಬಳಸುತ್ತಾರೆ. ಉಳಿ, ಹತ್ತರಿ ಹಿಡಿದು ಕೆಲಸ ಮಾಡುವ ಆ ಬಡಗಿಗಳನ್ನು ಕಂಡಾಗ ನನಗೆ ನಮ್ಮೂರಿನಲ್ಲಿ ಎತ್ತಿನ ಗಾಡಿ ಮಾಡುತ್ತಿದ್ದ ಆಚಾರಿಗಳೇ ಕಣ್ಮುಂದೆ ಬಂದರು.

ನಾರ್ಫೋಕ್‌ನ ಹೆಥೆಲ್‌ನಲ್ಲಿ ಲೋಟಸ್. ಸ್ಥಾಪಕ ಕಾಲಿನ್ ಚಾಪ್‌ಮನ್‌ರ ಮಂತ್ರ ಒಂದೇ: ತೂಕ ಇಳಿಸು. ಮಧುಮೇಹದ ಕ್ಲಿನಿಕ್ಕಿನಲ್ಲಿ ನಾನು ದಿನವೂ ಹೇಳುವುದೂ ಅದನ್ನೇ, ಆದರೆ ನನ್ನ ಮಾತು ಕೇಳುವವರು ಕಮ್ಮಿ! 1996ರಲ್ಲಿ ಬಂದ ಎಲಿಸ್ ಕಾರಿನ ಅಲ್ಯೂಮಿನಿಯಮ್ ಚೌಕಟ್ಟನ್ನು ಅಂಟು ಹಾಕಿ ಕೂಡಿಸಿದ್ದರು. ತೂಕ ಮುಕ್ಕಾಲು ಟನ್ನಿಗಿಂತ ಕಡಿಮೆ. ಪವರ್ ಸ್ಟಿಯರಿಂಗ್ ಇಲ್ಲ. ರಸ್ತೆಯ ಪ್ರತಿಯೊಂದು ಕಲ್ಲೂ ಕೈಬೆರಳಿಗೆ ಸುದ್ದಿ ಕಳಿಸುತ್ತದೆ. ನಾಡಿ ಹಿಡಿದು ನೋಡಿದ ಹಾಗೆ.

ಮೂರನೆಯದು ಬ್ಲ್ಯಾಕ್‌ಪೂಲ್‌ನ ಟಿವಿಆರ್. ಸ್ಥಾಪಕ ಟ್ರೆವರ್ ವಿಲ್ಕಿನ್‌ಸನ್ ಹೆಸರಿನ ಮೂರು ಅಕ್ಷರ ಆಯ್ದು ಇಟ್ಟ ಹೆಸರು. 1981ರಿಂದ 2004ರವರೆಗೆ ಕಂಪನಿಯ ಒಡೆಯರಾಗಿದ್ದ ಪೀಟರ್ ವೀಲರ್ ಎಬಿಎಸ್, ಏರ್‌ಬ್ಯಾಗ್, ಟ್ರಾಕ್ಷನ್ ಕಂಟ್ರೋಲ್ ಯಾವುದನ್ನೂ ಒಪ್ಪಲಿಲ್ಲ. ದೊಡ್ಡ ಎಂಜಿನ್, ಹಗುರ ಫೈಬರ್ ಗ್ಲಾಸ್ ಮೈ, ಗುಡುಗಿನ ಸದ್ದು, ಉಳಿದದ್ದು ನಿಮ್ಮ ಬಲಗಾಲಿನ ಪುಣ್ಯ! ಬ್ಲ್ಯಾಕ್‌ಪೂಲ್ ಕಾರ್ಖಾನೆ 2006ರಲ್ಲಿ ಮುಚ್ಚಿತು. ಆದರೆ ಕಾರುಗಳು ಇನ್ನೂ ಇವೆ, ಭಕ್ತರೂ ಇದ್ದಾರೆ.

ಕೈಕೊಡುವುದು ಏಕೆ?

ಸಣ್ಣ ಕಾರ್ಖಾನೆಯ ಕಾರುಗಳು ಹೆಚ್ಚು ಕೆಡುವುದಕ್ಕೆ ಕೆಲಸಗಾರರ ಸೋಮಾರಿತನ ಕಾರಣವಲ್ಲ. ಇದನ್ನು ನಮ್ಮ ವೈದ್ಯಕೀಯದ ಉದಾಹರಣೆಯಿಂದಲೇ ಹೇಳುತ್ತೇನೆ. ಹೊಸ ಔಷಧ ಅಂಗಡಿಗೆ ಬರುವ ಮೊದಲು ಅನೇಕ ವೇಳೆ ಸಾವಿರಾರು ಜನರ ಮೇಲೆ ಪರೀಕ್ಷೆಯಾಗಿರುತ್ತದೆ. ಸಾವಿರದಲ್ಲಿ ಒಬ್ಬರಿಗೆ ಆಗುವ ಅಡ್ಡಪರಿಣಾಮ ನೂರು ಜನರನ್ನು ಪರೀಕ್ಷಿಸಿದರೆ ಬಹುಶಃ ಕಾಣುವುದೇ ಇಲ್ಲ. ಕಾರೂ ಹಾಗೆಯೇ. ದೊಡ್ಡ ಕಂಪನಿ ಹೊಸ ಮಾದರಿಯನ್ನು ಮರುಭೂಮಿಯ ಬಿಸಿಲಿಗೆ, ಹಿಮದ ನಾಡಿನ ಚಳಿಗೆ ಒಡ್ಡಿ, ಹತ್ತಾರು ಕಾರುಗಳನ್ನು ಲಕ್ಷಾಂತರ ಮೈಲಿ ಓಡಿಸಿ, ಸಿಕ್ಕ ದೋಷ ತಿದ್ದಿ, ಆಮೇಲೆ ಮಾರುತ್ತದೆ. ವರ್ಷಕ್ಕೆ ಕೆಲವೇ ನೂರು ಕಾರು ಮಾಡುವವರಿಗೆ ಆ ಹಣ ಎಲ್ಲಿಂದ ಬರಬೇಕು? ಅಲ್ಲಿ ಗಿರಾಕಿಯೇ ಪ್ರಯೋಗಕ್ಕೆ ಒಳಪಟ್ಟ ರೋಗಿ. ಟಿವಿಆರ್ 1990ರ ದಶಕದಲ್ಲಿ ತನ್ನದೇ ಆರು ಸಿಲಿಂಡರಿನ ‘ಸ್ಪೀಡ್ ಸಿಕ್ಸ್’ ಎಂಜಿನ್ ಮಾಡಿತು. ಶಕ್ತಿ ಅಪಾರ, ಸದ್ದು ಅಮೋಘ. ಆದರೆ ಮೊದಲ ವರ್ಷಗಳಲ್ಲಿ ವಾರಂಟಿ ರಿಪೇರಿಗಳಿಗೂ ಅದು ಅಷ್ಟೇ ಹೆಸರಾಯಿತು.

ಇನ್ನೊಂದು ಕಡೆ, ಟೊಯೋಟದವರು ಬ್ರಿಟನ್ನಿನಲ್ಲಿ ಪ್ರತಿವರ್ಷ ತಮ್ಮಲ್ಲೇ ಸರ್ವಿಸ್ ಮಾಡಿಸಿದರೆ ಹತ್ತು ವರ್ಷ ಅಥವಾ ಒಂದು ಲಕ್ಷ ಮೈಲಿಯವರೆಗೆ ವಾರಂಟಿ ಕೊಡುತ್ತಾರೆ. ತನ್ನ ಕಾರು ಕೆಡುವುದಿಲ್ಲ ಎಂದು ಲೆಕ್ಕ ಹಾಕಿ ಗೊತ್ತಿರುವವನು ಮಾತ್ರ ಹೀಗೆ ಮಾತು ಕೊಡಬಲ್ಲ.

ಗೆಳೆಯನ ವಾದ, ಮನೆಯವಳ ಪ್ರಶ್ನೆ

ದಾವಣಗೆರೆಯಲ್ಲಿ ನನ್ನ ಜೊತೆ ಓದಿದ ಗೆಳೆಯನೊಬ್ಬ ಇಲ್ಲಿ ಅರಿವಳಿಕೆ ತಜ್ಞ. ಆಪರೇಷನ್ ಥಿಯೇಟರಿನಲ್ಲಿ ಒಂದು ಸಣ್ಣ ಅನಿರೀಕ್ಷಿತವನ್ನೂ ಸಹಿಸದವನು ಭಾನುವಾರಕ್ಕೆಂದು ಇಪ್ಪತ್ತು ವರ್ಷ ಹಳೆಯ ಇಂಗ್ಲಿಷ್ ಸ್ಪೋರ್ಟ್ಸ್ ಕಾರು ಇಟ್ಟುಕೊಂಡಿದ್ದಾನೆ. ಅದು ಎರಡು ಸಲ ಮೋಟಾರ್‌ವೇ ಬದಿಯಲ್ಲಿ ನಿಂತು, ಗಂಡ ಹೆಂಡತಿ ಮಳೆಯಲ್ಲಿ ಲಾರಿಗಾಗಿ ಕಾದಿದ್ದಾರೆ. ‘ಯಾಕೋ ಈ ಕರ್ಮ?’ ಎಂದರೆ ಅವನು ಹೇಳಿದ್ದು: ‘ಲೋ, ನಿನ್ನ ಕಾರಲ್ಲಿ ನೀನು ಬರೀ ಪ್ರಯಾಣಿಕ ಕಣೋ. ನನ್ನ ಕಾರಿಗೆ ನಾನು ಬೇಕು.’

ಈ ಮಾತು ನನ್ನನ್ನು ಬಹಳ ದಿನ ಕಾಡಿತು. ಅವನಿಗೆ ಆ ಕಾರಿನ ಕ್ಲಬ್ಬಿನಲ್ಲಿ ಪ್ಲಂಬರ್, ನಿವೃತ್ತ ಪೊಲೀಸ್, ಶಾಲಾ ಮಾಸ್ತರು ಎಲ್ಲ ಗೆಳೆಯರಾಗಿದ್ದಾರೆ. ಮೂವತ್ತು ವರ್ಷ ಇಲ್ಲಿದ್ದೂ ಆಸ್ಪತ್ರೆ ಮತ್ತು ಕನ್ನಡ ಸಂಘ ಬಿಟ್ಟರೆ ಬೇರೆ ಬಳಗ ಇಲ್ಲದ ನಮ್ಮಂಥವರಿಗೆ ಇದು ಸಣ್ಣ ಲಾಭವಲ್ಲ.

ನನ್ನ ಮನೆಯವಳಿಗೆ ಇದನ್ನು ಹೇಳಿದೆ. ಅವಳು ಒಗ್ಗರಣೆ ಸೌಟು ಕೆಳಗಿಟ್ಟು, ‘ಅಲ್ಲಾ ರೀ, ನಿಮಗೆ ಬೇಕಾಗಿರೋದು ಕಾರೋ, ಇನ್ನೊಂದು ಪೇಷೆಂಟೋ?’ ಎಂದಳು.

ಹೃದಯ ಕಸಿ

ನಡುದಾರಿಯೊಂದಿದೆ, ಕೇಳಿ. ಮೊದಲ ಎಲಿಸ್‌ಗಳಲ್ಲಿದ್ದ ರೋವರ್ ಎಂಜಿನ್ ಹೆಡ್ ಗ್ಯಾಸ್ಕೆಟ್ ತೊಂದರೆಗೆ ಕುಖ್ಯಾತ. 2004ರಿಂದ 111ಆರ್ ಮಾದರಿಯಲ್ಲಿ ಲೋಟಸ್‌ನವರು ಟೊಯೋಟದ 1.8 ಲೀಟರ್ ಎಂಜಿನ್ ಕೂಡಿಸಿದರು. ದೇಹ ನಾರ್ಫೋಕ್‌ನದು, ಹೃದಯ ಜಪಾನಿನದು! ಕಸಿ ಯಶಸ್ವಿಯಾಯಿತು, 2021ರಲ್ಲಿ ಎಲಿಸ್ ನಿಲ್ಲುವವರೆಗೂ ಟೊಯೋಟ ಹೃದಯವೇ ಮಿಡಿಯಿತು. 1973ರಿಂದ ಲೋಟಸ್ ಸೆವೆನ್ನಿನ ವಂಶ ಬೆಳೆಸಿಕೊಂಡು ಬಂದ ಕೇಟರ್‌ಹ್ಯಾಮ್ ಕೂಡ ತನ್ನ ಅತಿ ಪುಟ್ಟ ಕಾರಿಗೆ 660 ಸಿಸಿಯ ಸುಜುಕಿ ಎಂಜಿನ್ ಹಾಕಿತು. 2021ರಲ್ಲಿ ಆ ಕಂಪನಿಯನ್ನು ಕೊಂಡವರೇ ಜಪಾನಿನ ವಿಟಿ ಹೋಲ್ಡಿಂಗ್ಸ್. ಇಂಗ್ಲಿಷರ ನಖರೆಯನ್ನು ಇಂಗ್ಲಿಷರಿಗಿಂತ ಹೆಚ್ಚು ಪ್ರೀತಿಸುವವರು ಜಪಾನಿಯರು ಎನಿಸುತ್ತದೆ.

ಕಸಿ ಇನ್ನೊಂದು ದಿಕ್ಕಿನಿಂದಲೂ ನಡೆದಿದೆ. 1960ರ ದಶಕದ ಲೋಟಸ್ ಎಲಾನ್‌ನಂಥ ಹಗುರ ಇಂಗ್ಲಿಷ್ ಕಾರುಗಳ ಸ್ಫೂರ್ತಿಯಿಂದ ಮಜ್ದಾದವರು 1989ರಲ್ಲಿ ಎಂಎಕ್ಸ್-5 ತಂದರು. ತೋಶಿಹಿಕೊ ಹಿರಾಯ್ ಅವರ ಮುಂದಾಳತ್ವದ ತಂಡ ಇಟ್ಟುಕೊಂಡ ಆದರ್ಶ ‘ಜಿನ್‌ಬಾ ಇತ್ತಾಯ್’, ಅಂದರೆ ಕುದುರೆ ಸವಾರ ಒಂದೇ ಆಗುವುದು. 2016ರ ಹೊತ್ತಿಗೆ ಹತ್ತು ಲಕ್ಷ ಕಾರು ತಯಾರಾಗಿ, ಎರಡು ಸೀಟಿನ ಸ್ಪೋರ್ಟ್ಸ್ ಕಾರುಗಳಲ್ಲಿ ವಿಶ್ವದಾಖಲೆ ಅದರದಾಯಿತು. ಇಲ್ಲಿ ಆತ್ಮ ಇಂಗ್ಲೆಂಡಿನದು, ದೇಹ ಜಪಾನಿನದು.

ನಾನು ಕೊಂಡದ್ದು

ನಾನು ಆಸ್ಪತ್ರೆಯಲ್ಲಿ ದಿನವೂ ಒಂದು ಕಹಿ ಮಾತು ಹೇಳಬೇಕಾಗುತ್ತದೆ: ‘ಇನ್ನು ಕಾರು ಓಡಿಸಬೇಡಿ.’ ಪಾರ್ಶ್ವವಾಯು ಹೊಡೆದವರು ಈ ದೇಶದಲ್ಲಿ ಕನಿಷ್ಠ ಒಂದು ತಿಂಗಳು ಓಡಿಸುವಂತಿಲ್ಲ, ದೃಷ್ಟಿಯ ಒಂದು ಪಾಲು ಹೋದರೆ ಎಂದೆಂದಿಗೂ ಇಲ್ಲದಿರಬಹುದು. ಕಾರಿನ ಕನಸನ್ನು ನಿವೃತ್ತಿಗೆಂದು ಎತ್ತಿಟ್ಟು, ನಿವೃತ್ತಿಯ ವರ್ಷವೇ ಈ ಮಾತು ಕೇಳಿದವರ ಮುಖ ನೋಡಿದ್ದೇನೆ. ಆದ್ದರಿಂದ ಮುಂದೂಡಬಾರದು ಎಂಬುದು ಮೊದಲು ತೀರ್ಮಾನವಾಯಿತು. ನವೆಂಬರಿನ ಒದ್ದೆ ರಸ್ತೆಗೆ ಎಬಿಎಸ್, ಏರ್‌ಬ್ಯಾಗ್ ಇಲ್ಲದ ಕಾರು ಬೇಡ ಎಂಬುದು ಎರಡನೆಯದು. ಏರ್‌ಬ್ಯಾಗ್ ಉಳಿಸಿದ ಜೀವಗಳನ್ನು ವಾರ್ಡಿನಲ್ಲಿ ಕಂಡವನಿಗೆ ಇದರಲ್ಲಿ ಎರಡು ಮಾತಿಲ್ಲ. ಅಲ್ಲಿಗೆ ಟಿವಿಆರ್ ಪಟ್ಟಿಯಿಂದ ಹೊರಟುಹೋಯಿತು.

ಉಳಿದದ್ದು ಟೊಯೋಟ ಹೃದಯದ ಎಲಿಸ್ ಮತ್ತು ಮಜ್ದಾ. ಎಲಿಸ್ ಓಡಿಸಿ ನೋಡಿದೆ. ಸ್ಟಿಯರಿಂಗ್ ಎಂದರೆ ಅದು! ಆದರೆ ಅದರ ಹೊಸ್ತಿಲು ಅಗಲ, ಎತ್ತರ. ದಾಟಿ ಇಳಿದು ನೆಲಮಟ್ಟದ ಸೀಟಿಗೆ ಜಾರಬೇಕು. ಮಂಡಿ ಸವೆದಿರುವ ನನ್ನಾಕೆ ಒಂದು ಕಾಲು ಒಳಗಿಟ್ಟು, ನನ್ನ ಮುಖ ನೋಡಿ, ಸದ್ದಿಲ್ಲದೆ ಹಿಂದಕ್ಕೆ ತೆಗೆದುಕೊಂಡಳು. ‘ನೀವು ತಗೊಳ್ಳಿ, ನಾನು ಮನೇಲಿರ್ತೀನಿ’ ಎಂದಳು. ನನಗೆ ಬೇಕಾಗಿದ್ದದ್ದು ಎರಡು ಸೀಟಿನ ಕಾರು, ಒಂದು ಸೀಟಿನದಲ್ಲ. ಮರುವಾರ ಎಂಟು ವರ್ಷ ಹಳೆಯ ಮಜ್ದಾ ಎಂಎಕ್ಸ್-5 ಮನೆಗೆ ಬಂತು.

ನಿಮಗೆ ನನ್ನ ಸಲಹೆ ಇಷ್ಟೇ. ಮನೆಗೆ ಅದೊಂದೇ ಕಾರಾದರೆ ಜಪಾನಿನದನ್ನೇ ಕೊಳ್ಳಿ. ಎರಡನೆಯ ಕಾರಾದರೆ, ಆ ಮಾದರಿಯನ್ನು ಬಲ್ಲ ಗ್ಯಾರೇಜು ನಿಮ್ಮ ಮನೆಗೆ ಎಷ್ಟು ದೂರ ಎಂದು ಕಾರು ನೋಡುವ ಮೊದಲೇ ವಿಚಾರಿಸಿ. ಕಾರಿನ ಸಂಖ್ಯೆ ಹಾಕಿದರೆ ಸರಕಾರವೇ ಅದರ ಹಿಂದಿನ ಎಂಒಟಿ ಫಲಿತಾಂಶಗಳನ್ನು ಪುಕ್ಕಟೆ ತೋರಿಸುತ್ತದೆ, ತುಕ್ಕಿನ ಮಾತು ಬಂದಲ್ಲೆಲ್ಲ ನಿಂತು ಓದಿ. ಕೊಂಡ ಬೆಲೆಯ ಹತ್ತನೇ ಒಂದು ಭಾಗವನ್ನಾದರೂ ರಿಪೇರಿಗೆಂದು ಬೇರೆ ತೆಗೆದಿಡಿ. ವಿಮೆಯವರೊಂದಿಗೆ ಕಾರಿನ ಬೆಲೆಯನ್ನು ಮೊದಲೇ ಒಪ್ಪಿಸಿಕೊಳ್ಳಿ. ಮತ್ತು ಪಕ್ಕದ ಸೀಟಿನಲ್ಲಿ ಕೂರುವವರನ್ನು ಕರೆದುಕೊಂಡು ಹೋಗಿ ಕೂರಿಸಿ ನೋಡಿ.

ಗೆಳೆಯ ನನ್ನ ಕಾರು ನೋಡಿ ‘ಒಳ್ಳೇ ಹುಡುಗ, ಆದರೆ ಹಾಡಲ್ಲ’ ಎಂದ. ಇರಲಿ. ಕಳೆದ ಸೆಪ್ಟೆಂಬರಿನ ಒಂದು ಬಿಸಿಲಿನ ಶನಿವಾರ ಮೇಲ್ಛಾವಣಿ ಮಡಚಿ ವೇಲ್ಸ್‌ನ ಗುಡ್ಡಗಳ ಕಡೆ ಹೊರಟೆವು. ಫ್ಲಾಸ್ಕಿನಲ್ಲಿ ಕಾಫಿ, ಡಬ್ಬಿಯಲ್ಲಿ ಚಪಾತಿ. ಅರ್ಧ ದಾರಿಯಲ್ಲಿ ನನ್ನಾಕೆ ತಲೆಗೆ ಸ್ಕಾರ್ಫ್ ಬಿಗಿದುಕೊಂಡು ಹಳೆಯ ಚಿತ್ರಗೀತೆಯೊಂದನ್ನು ಗುನುಗತೊಡಗಿದಳು. ಹಾಡುವ ಕೆಲಸವನ್ನು ಕಾರಿಗೇ ಬಿಡಬೇಕೆಂದೇನೂ ಇಲ್ಲವಲ್ಲ!